ಮೋಟಾರು ಒದ್ದ ಕೈ

ಹೊಟ್ಟೆಪಾಡಿಗೆ ನಾಡಿ, ಹುಚ್ಚಿಗೆ ಮೋಟಾರು. ಕಲಬುರಗಿ ಕೋಟೆಯ ಹಿಂದಿನ ಓಣಿಯ ಅಣವೀರಪ್ಪ ವೈದ್ಯನ ಬದುಕು ಹೀಗೆ ಎರಡು ಪಾಲಾಗಿತ್ತು. ಬೆಳಗ್ಗೆ ಜಗಲಿಯ ಮೇಲೆ ಕೂತು, ಬಂದವರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ವಾತ, ಪಿತ್ತ, ಕಫ ಹೇಳುವುದು. ಮಧ್ಯಾಹ್ನ ಊಟ ಮುಗಿದ ಕೂಡಲೇ ಹಿತ್ತಲಿಗೆ ಹೋಗಿ ಮೋಟಾರಿನ ಹೊಟ್ಟೆಯೊಳಗೆ ತಲೆ ತೂರಿಸುವುದು. ಅದು ಒಬ್ಬ ಜಾಗೀರದಾರರ ಹಳೆಯ ಮೋಟಾರು ಕಾರು. ಹೊಸದು ಬಂದ ಮೇಲೆ ಅವರ ದೊಡ್ಡಮನೆ ದೇವಡಿಯ ಮೂಲೆಯಲ್ಲಿ ಕೋಳಿಗಳು ಮೊಟ್ಟೆ ಇಡುವ ಜಾಗವಾಗಿತ್ತು. ಬಹುಕಾಲದ ಹೊಟ್ಟೆನೋವು ವಾಸಿಯಾದ ಖುಷಿಗೆ ಜಾಗೀರದಾರರು ಏನು ಬೇಕು ಕೇಳು ಎಂದಾಗ ಈ ಪುಣ್ಯಾತ್ಮ ಹೊಲ ಕೇಳಲಿಲ್ಲ, ಕೋಳಿ ಕೂತ ಮೋಟಾರು ಕೇಳಿದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವನ ಕೈ ದಿನಾ ಎಣ್ಣೆಯಾದರೂ ಮನೆಗೆ ಮೊಸರು ಬರುತ್ತಿದ್ದದ್ದು ಬೆಳಗಿನ ನಾಡಿಯಿಂದಲೇ. ಹೆಂಡತಿ ನೀಲಗಂಗಮ್ಮ ಇದನ್ನು ಆಗಾಗ ನೆನಪಿಸುತ್ತಿದ್ದಳು.

ಆ ಮೋಟಾರನ್ನು ಎಬ್ಬಿಸಬೇಕಾದರೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲು ತಿರುವಬೇಕು. ಎಂಜಿನ್ನು ಒಮ್ಮೊಮ್ಮೆ ತಿರುಗಿ ಒದೆಯುತ್ತದೆ. ಅದಕ್ಕೇ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಉಳಿದ ಬೆರಳುಗಳ ಸಾಲಿಗೇ ಇಟ್ಟುಕೊಳ್ಳಬೇಕು. ಅಣವೀರಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಶ್ರಾವಣದ ಒಂದು ಮಧ್ಯಾಹ್ನ, ಜಗಲಿಯಿಂದ ಯಾರೋ ಕರೆದ ಅವಸರದಲ್ಲಿ ಮರೆತ. ಹ್ಯಾಂಡಲು ಬಲಗೈಗೆ ಅಪ್ಪಳಿಸಿತು. ತಾನೇ ಸೊಪ್ಪು ಅರೆದು ಕಟ್ಟಿಕೊಂಡ, ಬಾವು ಇಳಿಯಿತು, ನೋವೂ ಹೋಯಿತು. ನೋವಿನ ಜೊತೆಗೆ ಮೂರು ಬೆರಳುಗಳ ಅರಿವೂ ಹೋಯಿತು. ಸೂಜಿ ಚುಚ್ಚಿಕೊಂಡು ನೋಡಿದ, ರಕ್ತ ಬಂತೇ ಹೊರತು ನೋವಾಗಲಿಲ್ಲ.

ಎಡಗೈಗೆ ನಾಡಿಯ ಪಳಗಿಕೆ ಇರಲಿಲ್ಲ, ಅದರಿಂದ ಹಿಡಿದರೆ ಜನ ಎದ್ದೂ ಹೋಗುತ್ತಾರೆ. ಹೀಗಾಗಿ ಅಣವೀರಪ್ಪ ಬಲಗೈಯ ಸತ್ತ ಬೆರಳುಗಳನ್ನೇ ಮಣಿಕಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ, ಮೊದಲಿನ ಹಾಗೆಯೇ ತಲೆಯಾಡಿಸತೊಡಗಿದ. ನಾಲಿಗೆ ನೋಡಿ, ಕಣ್ಣು ನೋಡಿ, ನಿದ್ದೆ ಹೇಗೆ ಎಂದು ಕೇಳಿ ಔಷಧ ಕೊಟ್ಟ. ಹೆಚ್ಚಿನವರಿಗೆ ವಾಸಿಯೂ ಆಯಿತು. ಆದರೂ ಇವತ್ತು ಸಿಕ್ಕಿಬೀಳುತ್ತೇನೆ, ಇವತ್ತು ಯಾರನ್ನಾದರೂ ಕೊಲ್ಲುತ್ತೇನೆ ಎಂಬ ಹೆದರಿಕೆ ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ.

ದಸರೆಗೆ ಮುಂಚೆ ಕಮಲಾಪುರದಿಂದ ಆಳು ಬಂದ. ಬಾಳೆತೋಟದ ದೌಲಪ್ಪನ ತಾಯಿ ಸೂಗಮ್ಮನಿಗೆ ಜ್ವರ ಏರಿದೆ, ವೈದ್ಯರು ಬಂದು ನಾಡಿ ನೋಡಿ ಹೇಳಬೇಕಂತೆ.

"ಒಲ್ಲೆ ಅನ್ರಿ," ಎಂದಳು ನೀಲಗಂಗಮ್ಮ. ಕೈಯ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ. "ಮೈಯಾಗ ಆರಾಮ ಇಲ್ಲ ಅಂತ ಹೇಳ್ರಿ."

"ಅಪ್ಪನ ಕಾಲದಿಂದ ಆ ಮನೀಗಿ ನಾವೇ ಹೋಗೀವಿ. ನಾ ಒಲ್ಲೆ ಅಂದ್ರ ಜನ ಯಾಕ ಅಂತ ಕೇಳ್ತಾರ."

ಬಂಡಿಯಲ್ಲಿ ಹೋದರೆ ದಿನ ಮುಳುಗುತ್ತದೆ. ನೀಲಗಂಗಮ್ಮ ಆಳಿಗೆ ಕಾಣದಂತೆ ಹಿತ್ತಲ ಬಾಗಿಲು ಹಾಕಿ, ಸೆರಗು ಸಿಕ್ಕಿಸಿ, ತಾನು ದಿನಾ ಬೈಯುವ ಮೋಟಾರಿನ ಹ್ಯಾಂಡಲನ್ನು ತಾನೇ ತಿರುವಿದಳು.

ದಾರಿಯ ಮಹಾಗಾಂವದಲ್ಲಿ ಮೋಟಾರಿನ ನೀರು ಕುದ್ದು ಹಬೆ ಬಿಟ್ಟಿತು. ಬಾವಿಯ ನೀರು ತಂದು ಹೊಯ್ಯುವಷ್ಟರಲ್ಲಿ ವೈದ್ಯರು ಬಂದಿದ್ದಾರೆಂದು ಜನ ಸೇರಿ, ಒಬ್ಬಿಬ್ಬರು ಕೈ ಚಾಚಿಯೂ ಬಿಟ್ಟರು. "ಅವಸರ ಅದ, ಬರುವಾಗ ನೋಡ್ತೀನಿ," ಎಂದು ಅಣವೀರಪ್ಪ ತಪ್ಪಿಸಿಕೊಂಡ.

ಕಮಲಾಪುರದ ಪಡಸಾಲೆಯಲ್ಲಿ ದೌಲಪ್ಪ ಕಾಯುತ್ತಿದ್ದ. ಅವನಿಗೆ ಬೇಕಿದ್ದದ್ದು ಔಷಧವಲ್ಲ, ಒಂದು ಮಾತು. ತಂಗಿ ವಿಮಲಾಬಾಯಿಯನ್ನು ಕಲಬುರಗಿಗೆ ಕೊಟ್ಟಿತ್ತು. ತೋಟದ ಪಾಲಿನ ಜಗಳದಲ್ಲಿ ಅಣ್ಣ, "ಅವ್ವನ ಕಡೀ ಗಳಿಗೀತನಕ ನೀ ಈ ಹೊಸ್ತಿಲ ತುಳೀಬ್ಯಾಡ," ಎಂದುಬಿಟ್ಟಿದ್ದ. ಅವಳೂ ಛಲದವಳು, ಬಂದಿರಲಿಲ್ಲ.

"ನಾಡಿ ಏನಂತದ ಹೇಳ್ರಿ ವೈದ್ಯರ. ಕಡೀ ಗಳಿಗಿ ಬಂದಿದ್ರ ಅಕೀಗಿ ಹೇಳಿ ಕಳಸ್ತೀನಿ," ಎಂದ ದೌಲಪ್ಪ.

ಒಳಕೋಣೆಯಲ್ಲಿ ಸೂಗಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಉಸಿರು ಗೊರಗೊರ ಅನ್ನುತ್ತಿತ್ತು. ಅಣವೀರಪ್ಪ ಪಕ್ಕದಲ್ಲಿ ಕೂತು ಅವಳ ಕೈ ಎತ್ತಿಕೊಂಡು ಮೂರು ಬೆರಳಿಟ್ಟ. ಏನೂ ಇಲ್ಲ. ಒತ್ತಿ ಹಿಡಿದ. ಆಗಲೂ ಇಲ್ಲ. ಮುದುಕಿಯ ನಾಡಿಯೇ ಇಳಿದಿದೆಯೋ, ತನ್ನ ಬೆರಳಿಗೆ ತಿಳಿಯುತ್ತಿಲ್ಲವೋ? ಇನ್ನೂ ಒತ್ತಿದ.

"ಕೈ ನೋಯ್ತದಪ್ಪ," ಎಂದಳು ಸೂಗಮ್ಮ, ಕಣ್ಣು ತೆರೆದು. "ಮೊದಲ ನೀ ಹಿಂಗ ಒತ್ತತಿದ್ದಿಲ್ಲ. ನಿನಗ ಏನೂ ತಿಳೀವಲ್ದು, ಹೌದಲ್ಲ?"

ಅಣವೀರಪ್ಪ ಕೈ ಬಿಟ್ಟ.

"ಹೋಗ್ಲಿ ಬಿಡು," ಮುದುಕಿ ಏದುಸಿರಿನಲ್ಲೇ ಹೇಳಿದಳು. "ಹೊರಗ ಹೋಗಿ ನಾಡಿ ಬಿಟ್ಟಾವ ಅನ್ನು. ನನ್ನ ಮಗಳು ಬರ್ತಾಳ, ನಿನ್ನ ಮರ್ಯಾದಿನೂ ಉಳೀತದ. ನಾ ಯಾರಿಗೂ ಹೇಳಂಗಿಲ್ಲ."

ಎಷ್ಟು ಸುಲಭದ ದಾರಿ. ಅಣವೀರಪ್ಪ ಎದ್ದು ಪಡಸಾಲೆಗೆ ಬರುವಾಗ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾಡಿ ಬಿಟ್ಟಿದೆ ಎಂದು ವೈದ್ಯ ಒಮ್ಮೆ ಹೇಳಿದ ಮೇಲೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಔಷಧ ನಿಲ್ಲುತ್ತದೆ, ಗಂಜಿ ನಿಲ್ಲುತ್ತದೆ. ನೆಲಕ್ಕಿಳಿಸಿ, ವಿಭೂತಿ ಹಚ್ಚಿ, ಬಾಯಿಗೆ ಹನಿ ನೀರು ಬಿಡುತ್ತ ಕೂರುತ್ತಾರೆ. ಬದುಕುವ ಮುದುಕಿಯೂ ಆಗ ಬದುಕುವುದಿಲ್ಲ. ದೌಲಪ್ಪ ಎದ್ದು ನಿಂತಿದ್ದ, ಬಾಗಿಲಿಗೆ ಒರಗಿ ಅವನ ಹೆಂಡತಿ ಭಾಗಮ್ಮ.

"ನನಗ ತಿಳೀಲಿಲ್ಲ, ದೌಲಪ್ಪನೋರ," ಎಂದ ಅಣವೀರಪ್ಪ. "ಬಲಗೈ ಬಟ್ಟು ಮೂರೂ ಸತ್ತಾವ. ಮೋಟಾರ ಒದ್ದದ. ನಾಡಿ ಅದನೋ ಇಲ್ಲೋ ನನಗ ಹೇಳ್ಲಾಕ ಬರಂಗಿಲ್ಲ."

ದೌಲಪ್ಪ ಆ ಬೆರಳುಗಳನ್ನು ನೋಡಿದ. "ಯಾವಾಗಿಂದ?"

"ಶ್ರಾವಣದಾಗಿಂದ."

"ಹೋದ ತಿಂಗಳ ನಿಮ್ಮ ಜಗಲಿಗಿ ಬಂದಾಗ ಇಕೀ ಕೈ ನೋಡಿದ್ರಲ್ಲ. ಅದು?"

"ಅಂದಾಜಿಲೆ ಹೇಳ್ದೆ."

ಬಾಗಿಲಲ್ಲಿ ನಿಂತಿದ್ದ ಭಾಗಮ್ಮ ತನ್ನ ಕೈಯನ್ನು ಮೆಲ್ಲನೆ ಸೆರಗಿನೊಳಗೆ ಎಳೆದುಕೊಂಡಳು. ದೌಲಪ್ಪ ಬೈದಿದ್ದರೂ, ಹೊಡೆದಿದ್ದರೂ ಅಣವೀರಪ್ಪನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಬೇಕಾದ್ದು ಅನ್ರಿ, ಆದ್ರ ಆಮ್ಯಾಲ," ಎಂದ. "ಗಂಜಿ ನಿಲ್ಲಸಬ್ಯಾಡ್ರಿ. ಎದಿಯಾಗ ಕಫ ಕಟ್ಟ್ಯದ, ಅದು ಕಿವೀಗೇ ಕೇಳ್ತದ. ಹೊರಗ ಮೋಟಾರ ಅದ. ಕಲಬುರಗಿ ದವಾಖಾನಿ ಡಾಕ್ಟರನ್ನ ಕರಕೊಂಡು ಬರೋಣ. ತಂಗೀನ್ನೂ ಕರಕೊಂಡು ಬರೋಣ. ಕಡೀ ಗಳಿಗಿ ಯಾವುದಂತ ಹೇಳೋನು ಇಲ್ಲಿ ಯಾರೂ ಇಲ್ಲ. ಅದಕ್ಕ ಕಾಯಬ್ಯಾಡ್ರಿ."

ದೌಲಪ್ಪ ಹೊರಗೆ ಹೋಗಿ ಮೋಟಾರಿನ ಮುಂದೆ ನಿಂತ. ಹ್ಯಾಂಡಲಿಗೆ ಅವನು ಕೈ ಹಾಕುವಾಗ ಅಣವೀರಪ್ಪ ಓಡಿಬಂದು ಅವನ ಹೆಬ್ಬೆರಳನ್ನು ಬಿಡಿಸಿ ಸರಿಯಾದ ಕಡೆ ಇಟ್ಟ. ಮೋಟಾರು ಕಲಬುರಗಿಯ ದಾರಿ ಹಿಡಿಯಿತು.

ಸಂಜೆಗೆ ವಿಮಲಾಬಾಯಿ ತಾಯಿಯ ತಲೆದಿಂಬಿನ ಬಳಿ ಕೂತಿದ್ದಳು. ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, ಔಷಧ ಕೊಟ್ಟು, ಗಂಜಿ ತಪ್ಪಿಸಬೇಡಿ ಎಂದರು. ಸೂಗಮ್ಮ ದಸರೆಗೆ ಎದ್ದು ಕೂತಳು, ದೀಪಾವಳಿಗೆ ಸೊಸೆ, ಮಗಳು ಇಬ್ಬರನ್ನೂ ಬೈಯುವಷ್ಟು ಗಟ್ಟಿಯಾದಳು.

ಅಣವೀರಪ್ಪನ ಜಗಲಿ ಮಾತ್ರ ಖಾಲಿಯಾಯಿತು. ದೌಲಪ್ಪ ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಆದರೆ ಪಡಸಾಲೆಗೆ ಕಿವಿಗಳು ಬಹಳ. ಬೆಳಗ್ಗೆ ಚಾಪೆ ಹಾಸಿಕೊಂಡು ಕೂತು, ಬಿಸಿಲು ಏರಿದ ಮೇಲೆ ಅದನ್ನು ಸುತ್ತಿ ಒಳಗಿಡುವುದೇ ಅವನ ಕೆಲಸವಾಯಿತು. ನೀಲಗಂಗಮ್ಮ ಈಗ ಮೋಟಾರನ್ನು ಬೈಯುತ್ತಿರಲಿಲ್ಲ, ಅದು ಅವನಿಗೆ ಇನ್ನೂ ಕಷ್ಟವಾಗಿತ್ತು.

ಒಂದು ಮುಂಜಾನೆ ಮಹಾಗಾಂವದ ಮಲ್ಲಣ್ಣ ಬಂದ. ಅಣವೀರಪ್ಪ ಗಡಬಡಿಸಿ ಚಾಪೆ ಸರಿಮಾಡಿದ.

"ನಾಡಿಗಲ್ರೀ," ಎಂದ ಮಲ್ಲಣ್ಣ, ಮುಜುಗರದಿಂದ ನೆಲ ನೋಡುತ್ತ. "ನಮ್ಮಪ್ಪಗ ದವಾಖಾನಿಗಿ ತರಬೇಕಾಗ್ಯದ. ಬಾಡಗೀಗಿ ಮೋಟಾರ ಸಿಗ್ತದೇನ್ರಿ?"

ಒಳಗಿನಿಂದ ನೀಲಗಂಗಮ್ಮ ಬಂದು ಗಂಡನ ಮುಖ ನೋಡಿದಳು. ಅವನು ಚಾಪೆ ಸುತ್ತಿ ಅವಳ ಕೈಗೆ ಕೊಟ್ಟು ಹಿತ್ತಲಿಗೆ ನಡೆದ.

ಮಹಾಗಾಂವದಲ್ಲಿ ಮುದುಕನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ವೈದ್ಯನ ಬೆರಳು ಸತ್ತ ಸುದ್ದಿ ಅವನ ಹಾಸಿಗೆಯವರೆಗೆ ಬಂದಿರಲಿಲ್ಲ. ಮುಂದೆ ಕೂತವನು ಯಾರೆಂದು ಗುರುತು ಹಿಡಿದವನೇ, ಅಂಗಿಯ ತೋಳು ಸರಿಸಿ, ನಡುಗುವ ಕೈಯನ್ನು ಅವನ ಹೆಗಲ ಮೇಲಿಂದ ಮುಂದಕ್ಕೆ ಚಾಚಿದ.

"ನೋಡಪ್ಪ ವೈದ್ಯ, ಹ್ಯಾಂಗದ?"

ಮಲ್ಲಣ್ಣ ಮುಖ ಆಚೆ ತಿರುಗಿಸಿದ.

"ಅಲ್ಲಿ ಡಾಕ್ಟರ್ ನೋಡ್ತಾರ, ಅಜ್ಜ," ಎಂದ ಅಣವೀರಪ್ಪ. ಮೋಟಾರು ಹೊರಟಿತು. ಅಜ್ಜನಿಗೆ ಕೇಳಿಸಲಿಲ್ಲವೋ, ನಂಬಿಕೆ ಬರಲಿಲ್ಲವೋ, ಕಲಬುರಗಿ ಬರುವ ತನಕ ಅವನು ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.