ಸಣ್ಣಗೌಡರ ಪಾಲಿಗೆ ಬಂದದ್ದು

ನಮ್ಮ ಓಣಿಯ ಹೆಂಗಸರು ಹಪ್ಪಳ ಒಣಗಿಸುವ ಬಿಸಿಲಿಗೆ ಸಣ್ಣಗೌಡರು ಕಾಗದ ಒಣಗಿಸುತ್ತಿದ್ದರು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಮುತ್ತಜ್ಜನ ಕಾಲದಿಂದ ಬಂದ ಊರ ಹೊಲಗಳ ಪತ್ರಗಳು, ಒಂದೊಂದರ ಮೇಲೂ ಹಾರದಂತೆ ಒಂದು ಬೆಣಚುಕಲ್ಲು. ಕಾಗೆಗಳು ಮೊದಮೊದಲು ಬಂದು ಕಾಗದದ ಮೂಲೆಗಳ ರುಚಿ ನೋಡಿದವು. ಆಮೇಲೆ ಆ ಮನೆಯ ಮೇಲೆ ಹಾರುವುದನ್ನೇ ಬಿಟ್ಟವು.

ಅಣ್ಣತಮ್ಮಂದಿರು ಬೇರೆಯಾದಾಗ ಹಿರಿಯರು ಎತ್ತು, ಬಾವಿ, ದೊಡ್ಡ ಮನೆ ಹಂಚಿಕೊಂಡಿದ್ದರು. ಮದುವೆಯಾಗದ ಕಿರಿಯ ಸಣ್ಣಗೌಡರಿಗೆ ಉಳಿದದ್ದು ನನ್ನ ಹೊಲದ ಪಕ್ಕದ ಒಂದು ಪಟ್ಟಿ ನೆಲ ಮತ್ತು ಮನೆತನದ ಕಾಗದದ ಪೆಟ್ಟಿಗೆ. ದೊಡ್ಡ ಪಾಲು ತಮ್ಮದೇ ಎಂದು ಅವರು ನಂಬಿದ್ದರು. ಕೆಲವು ವರ್ಷ ಅದು ನಿಜವೂ ಆಗಿತ್ತು. ಯಾವ ಬದು ಎಲ್ಲಿ, ಯಾವ ಬೇವಿನ ಗಿಡ ಯಾರದು ಎಂದು ಊರಲ್ಲಿ ಜಗಳವೆದ್ದರೆ ಎರಡೂ ಕಡೆಯವರು ಅವರ ಅಂಗಳಕ್ಕೇ ಬರಬೇಕು. ಚಹಾ ಆಗದೆ ಗೌಡರು ಕಾಗದ ಬಿಚ್ಚುತ್ತಿರಲಿಲ್ಲ, ಮುತ್ತಜ್ಜನ ಕತೆ ಮುಗಿಯದೆ ಮಡಿಚುತ್ತಿರಲಿಲ್ಲ. ಕತೆ ಮುಗಿಯುವಷ್ಟರಲ್ಲಿ ಬಂದವರಿಗೆ ಜಗಳವೇ ಮರೆತುಹೋಗಿರುತ್ತಿತ್ತು.

ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಹೊಲದ ಪತ್ರದ ನಕಲು ಸಿಗತೊಡಗಿತು. ಅಂಗಳಕ್ಕೆ ಜನ ಬರುವುದು ನಿಂತಿತು. ಗೌಡರು ಮಾತ್ರ ಚಾಪೆ ಹಾಸಿ, ಎದುರಿಗೊಂದು ಖಾಲಿ ಮಣೆ ಇಟ್ಟು ಕೂರುತ್ತಿದ್ದರು.

ಆ ವರ್ಷ ಸುಗ್ಗಿ ಮುಗಿದ ಮೇಲೆ, ನಮ್ಮಿಬ್ಬರ ಹೊಲದ ಗಡಿಗೆ ಹುಗಿದ ಬಾಂದುಕಲ್ಲು ನಡೆಯಲು ಕಲಿಯಿತು. ಇದೇನು ಆಶ್ಚರ್ಯವಲ್ಲ, ನಮ್ಮ ಕಡೆ ನಡೆಯುವ ಕಲ್ಲುಗಳು ಬಹಳ. ಆದರೆ ಅವೆಲ್ಲ ಮಂದಿಯ ಹೊಲದೊಳಗೆ ನಡೆಯುತ್ತವೆ. ಇದು ಗೌಡರ ಹೊಲದೊಳಗೇ ನಡೆದಿತ್ತು. ನನ್ನ ಹೊಲ ಬೆಳೆಯುತ್ತಿತ್ತು. ನಾನು ತಕರಾರಿನ ಮನುಷ್ಯನಲ್ಲ, ಸುಮ್ಮನಿದ್ದೆ. ಕಲ್ಲು ಸ್ವಲ್ಪ ದಿನ ಕಾದು ಮತ್ತೆ ಸರಿಯಿತು. ಅದು ಅವರ ಪಟ್ಟಿಯ ನಡುವಿನ ಜಾಲಿಗಿಡವನ್ನು ದಾಟಿದಾಗ ನನಗೇ ನಾಚಿಕೆಯಾಗಿ ಅಂಗಳಕ್ಕೆ ಹೋದೆ.

"ಕಾಕಾ, ಬಾಂದುಕಲ್ಲು ಸರದೈತ್ರಿ."

"ಇಷ್ಟು ತಡಾ ಮಾಡ್ತಾರೇನೋ?" ಎಂದರು ಗೌಡರು. "ಇನ್ನೊಂದು ತಿಂಗಳ ಬಿಟ್ಟಿದ್ರ ನನ್ನ ಹೊಲಾನ ಮುಗೀತಿತ್ತು. ಕುಂಡ್ರು, ಚಾ ಇಡ್ತೀನಿ."

ಬಾಗಿಲ ಹಿಂದೆ ಹಾರೆ ನಿಂತಿತ್ತು. ಅದರ ತುದಿಗೆ ಹೊಲದ ಎರೆಮಣ್ಣು ಮೆತ್ತಿಕೊಂಡಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಚಹಾ ಕುಡಿದೆವು.

ಸಂಜೆಯವರೆಗೆ ಕಾಗದ ಓದಿ, ಕಲ್ಲನ್ನು ಇಬ್ಬರೂ ಸೇರಿ ಹಳೆಯ ಜಾಗಕ್ಕೆ ತಂದು ಹುಗಿದೆವು. ಮರುವರ್ಷ ಸುಗ್ಗಿಯಾದ ಮೇಲೆ ಅದು ಮತ್ತೆ ಸರಿಯಿತು. ಈ ಸಲ ನಾನು ಮರುದಿನವೇ ಹೋದೆ. ನನಗೂ ಮನೆಯಲ್ಲಿ ದಾರಿ ಕಾಯುವವರು ಇರಲಿಲ್ಲ. ಹೀಗೆ ವರ್ಷಗಳು ಹೋದವು. ಇವರಿಬ್ಬರ ಜಗಳ ಸತ್ತರೂ ಬಗೆಹರಿಯುವುದಿಲ್ಲ ಎಂದು ಊರವರು ಮರುಗುತ್ತಿದ್ದರು.

ಒಂದು ವರ್ಷ ಕಲ್ಲು ಸರಿಯಲಿಲ್ಲ. ದಿನವೂ ಹೋಗಿ ನೋಡಿಬಂದೆ. ಕೊನೆಗೆ ನಾನೇ ಹಾರೆ ಹಾಕಿ ಸರಿಸಿ, ತಕರಾರು ಒಯ್ದೆ. ಗೌಡರು ಹಾಸಿಗೆ ಹಿಡಿದಿದ್ದರು. ಕಲ್ಲು ಸರಿದಿದೆ ಎಂದಾಗ ಕಣ್ಣು ತೆರೆದು, ನನ್ನ ಕೈಯ ಮಣ್ಣು ನೋಡಿದರು.

"ಯಾರ ಹೊಲದಾಗ ಸರಿಸೀದಿ?"

"ನನ್ನ ಹೊಲದಾಗ್ರಿ."

"ಕಲತಿ ಬಿಡು," ಎಂದು ಪೆಟ್ಟಿಗೆಯ ಕೀಲಿಯನ್ನು ನನ್ನ ಅಂಗೈಗೆ ಹಾಕಿದರು. ಅದೇ ವಾರ ತೀರಿಕೊಂಡರು.

ಈಗ ಆ ಪಟ್ಟಿ ಅವರ ಅಣ್ಣನ ಮಗ ಬಸಲಿಂಗನದು. ಒಳ್ಳೆಯ ಹುಡುಗ, ತಕರಾರಿನವನಲ್ಲ. ಪ್ರತಿ ಸುಗ್ಗಿಯ ಮೇಲೂ ಕಲ್ಲು ನನ್ನ ಹೊಲದೊಳಗೆ ಸರಿದರೂ, ಅದು ಎಲ್ಲಿದೆಯೋ ಅಲ್ಲಿಯವರೆಗೆ ಉತ್ತು ತಿರುಗಿಕೊಳ್ಳುತ್ತಾನೆ. ನನ್ನ ಹೊಲ ಸಣ್ಣದಾಗುತ್ತ ಬಂದಿದೆ. ಬಿಸಿಲು ಬಿದ್ದ ದಿನ ನಾನು ನನ್ನ ಮನೆಯ ಅಂಗಳದಲ್ಲಿ ಕಾಗದ ಹರವಿ, ಒಂದೊಂದರ ಮೇಲೂ ಬೆಣಚುಕಲ್ಲು ಇಟ್ಟು, ಎದುರಿಗೆ ಮಣೆ ಹಾಕಿ ಕೂರುತ್ತೇನೆ. ಕಾಗೆಯಾದರೂ ಒಂದು ಬಂದೀತೇ ಎಂದು ಮೇಲೆ ನೋಡುತ್ತೇನೆ.