ಎರಡನೇ ಅದ್ದಾರು

ನನ್ನ ಗಂಡ ಎತಿರು ಸಾಯುವುದಕ್ಕೂ ಒಂದು ತಿಂಗಳು ಹುಡುಕಿಕೊಂಡ, ಪುಣ್ಯಾತ್ಮ! ಇದ್ದ ಹನ್ನೆರಡು ತಿಂಗಳು ಸಾಲದೆ ಎರಡನೇ ಅದ್ದಾರುವಿನಲ್ಲಿ ಹೋದ. ಅದು ಪ್ರತಿ ವರ್ಷ ಬರುವ ತಿಂಗಳಲ್ಲ. ಚಂದ್ರನ ಲೆಕ್ಕ ಬೆಳೆಗಿಂತ ಮುಂದೆ ಓಡಿಬಿಟ್ಟರೆ ವರ್ಷದ ಕೊನೆಯ ಅದ್ದಾರುವನ್ನೇ ಇನ್ನೊಮ್ಮೆ ಎಣಿಸುತ್ತಾರೆ, ಅಷ್ಟೆ. ನಮ್ಮ ಮನೆತನದಲ್ಲಿ ಸತ್ತವರನ್ನು ಸತ್ತ ತಿಂಗಳಲ್ಲೇ ಹೆಸರು ಹಿಡಿದು ಕರೆದು ನೀರೆರೆಯಬೇಕು. ಬೇರೆ ತಿಂಗಳಲ್ಲಿ ಕರೆದರೆ ಅವರಿಗೆ ಕೇಳಿಸುವುದಿಲ್ಲವಂತೆ. ಎತಿರು ಹೋದಮೇಲೆ ಆ ತಿಂಗಳು ಮತ್ತೆ ಬಂದಿಲ್ಲ. ಅಂಗಡಿಯಲ್ಲಿ ಉರುಕ್ ಊರಿಗೆಲ್ಲ ಖರ್ಜೂರದ ಹೆಂಡ ಸುರಿಯುತ್ತೇನೆ, ಅವನಿಗೊಂದು ಬೊಗಸೆ ನೀರಿಲ್ಲ. ಮಣ್ಣಿನಡಿ ಅವನ ಗಂಟಲು ಒಣಗಿರುತ್ತದೆ ಎಂದು ನೆನೆದರೆ ನನಗೆ ತುತ್ತು ಇಳಿಯುವುದಿಲ್ಲ.

ಈ ವರ್ಷ ಅದ್ದಾರು ಮುಗಿದ ಸಂಜೆ ತಡೆಯಲಾರದೆ ಗುಡಿಯ ಮಾಳಿಗೆ ಹತ್ತಿದೆ. ಆಕಾಶ ನೋಡಿ ತಿಂಗಳು ಹೇಳುವುದು ನನ್ನ ತಮ್ಮ ಬಲಾಟುವಿನ ಕೆಲಸ.

"ಬಂದ್ಯಾ ಅಕ್ಕ? ಅಂಗಡಿ ಮುಚ್ಚಿ ಬಂದ್ರೆ ಕುಡುಕರು ನನಗೆ ಶಾಪ ಹಾಕ್ತಾರೆ."

"ಹಾಕ್ಲಿ ಬಿಡು. ಈ ಸಲನಾದ್ರೂ ಬರುತ್ತೇನೋ ಅದು?"

"ನನ್ನ ಕೇಳಿದ್ರೆ? ಮೇಲೆ ನೋಡು. ಬಿದಿಗೆ ಚಂದ್ರನ ಮಗ್ಗುಲಲ್ಲೇ ಕೃತ್ತಿಕೆ ನಿಂತಿದ್ರೆ ಹೊಸ ವರ್ಷ, ನಿಸನ್ನು. ಚಂದ್ರನ್ನ ಬಿಟ್ಟು ಮೇಲೆಲ್ಲೋ ಇದ್ರೆ ನಿನ್ನ ಅದ್ದಾರು."

ಪಡುವಣದಲ್ಲಿ ಚಂದ್ರ ಉಗುರಿನಷ್ಟು ಕಂಡ. ನಕ್ಷತ್ರ ಮೂಡಲೆಂದು ಕಾದು ನಿಂತೆ. ಇನ್ನಷ್ಟು ಮಬ್ಬಾದಮೇಲೆ ನೋಡಿದರೆ, ಅವನಿಗೆ ಅಂಟಿಕೊಂಡ ಹಾಗೆಯೇ ಇದೆ, ಹಾಳಾದ ಕೃತ್ತಿಕೆ!

ತಮ್ಮನ ಕೈ ಹಿಡಿದುಕೊಂಡೆ. "ದೂರ ಇದೆ ಅಂತ ಹೇಳೋ. ನಿನ್ನ ದಮ್ಮಯ್ಯ ಕಣೋ. ನೀನು ಹೇಳಿದ್ರೆ ಊರೆಲ್ಲ ನಂಬುತ್ತೆ."

"ನಂಬುತ್ತೆ, ಅದಕ್ಕೇ ಹೇಳಕ್ಕಾಗಲ್ಲ. ಜವೆಗೋಧಿ ಆಗ್ಲೇ ಬಲಿತು ನಿಂತಿದೆ. ಇನ್ನೊಂದು ತಿಂಗಳು ತಡಿ ಅಂತ ಹೊಲಕ್ಕೆ ಹೇಳಕ್ಕಾಗುತ್ತಾ?"

"ಭಾವ ಸಾಕಿದ್ದು ಮರ್ತುಹೋಯ್ತು ಅನ್ನು."

"ಚುಚ್ಚಬೇಡ ಅಕ್ಕ," ಎಂದು ಕಣ್ಣೊರೆಸಿಕೊಂಡ. ಆಮೇಲೆ ಕೆಳಗೆ ಬಾಗಿ, "ನಿಸನ್ನು!" ಎಂದು ಕೂಗಿಯೇಬಿಟ್ಟ.

ಬೀದಿಯಲ್ಲಿ ಜನ ಹೋ ಎಂದರು. ಇಡೀ ಊರಿಗೆ ಹೊಸ ವರ್ಷ. ನಾನು ಮಾತ್ರ ಹಿಂದೆ ಎಲ್ಲೋ ಉಳಿದುಬಿಟ್ಟಿದ್ದೆ, ಒಬ್ಬಳೇ.

ಮನೆಗೆ ಬಂದು ಕದ ಹಾಕಿಕೊಂಡು ಅತ್ತೆ. ಎತಿರುವನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಿರುವಾಗಲೇ ನೆನಪಾಯಿತು: ಈ ಮಹಾರಾಯನಿಗೆ ಬದುಕಿದ್ದಾಗ ಒಂದು ದಿನವಾದರೂ ತಿಂಗಳು ಯಾವುದೆಂದು ಗೊತ್ತಿತ್ತೇ? ಬೆಳಗೆದ್ದು, "ಇದ್ಯಾವ ತಿಂಗಳೇ?" ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಹೇಳಿದ್ದೇ ಅವನಿಗೆ ತಿಂಗಳು.

ತಂಬಿಗೆ ತುಂಬಿಕೊಂಡು ನಮ್ಮಲ್ಲಿನ ರೂಢಿಯಂತೆ ಒಳಕೋಣೆಯ ನೆಲದಡಿ ಅವನನ್ನು ಹೂತ ಜಾಗಕ್ಕೆ ಹೋದೆ. ಹೊರಗಿನ ಗದ್ದಲ ಅವನಿಗೆ ಕೇಳಿಸಬಾರದೆಂದು ನೆಲಕ್ಕೆ ಬಾಯಿ ತಾಗಿಸಿ ಮಾತಾಡಿದೆ.

"ಎತಿರು, ಕುಡಿ. ಎರಡನೇ ಅದ್ದಾರು ಬಂತು."