ಉಳವಿ ಬಸ್ಸಿನಲ್ಲಿ ಕರಡಿ

ಹಳಿಯಾಳದಿಂದ ಬೆಳಿಗ್ಗೆ ಎಂಟಕ್ಕೆ ಹೊರಟು ದಾಂಡೇಲಿ, ಜೋಯಿಡಾ ದಾಟಿ ಉಳವಿಗೆ ಹೋಗುವ ಬಸ್ಸು ಎಂಥದ್ದೆಂದರೆ, ಅದರ ಒಂದು ಕುಲುಕಾಟಕ್ಕೆ ಕ್ಯಾನಿನೊಳಗಿನ ಹಾಲು ಬೆಣ್ಣೆ ಕಟ್ಟುತ್ತದೆ. ಐವತ್ತು ಸೀಟಿಗೆ ಐನೂರು ಜನ. ಅದರಲ್ಲಿ ಹಿಂದಿನಿಂದ ಮುಂದಿನ ತನಕ ಯಾರ ಕಾಲನ್ನೂ ತುಳಿಯದೆ ನಡೆಯಬಲ್ಲ ಕಂಡಕ್ಟರ್ ಮೂರು ಜಿಲ್ಲೆಗೆ ಒಬ್ಬಳೇ, ಸನವಳ್ಳಿಯ ಸುಮನ. ಅವಳು ಕರಡಿಯೆಂಬುದು ಮಾತ್ರ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಯಾವಾಗಲೂ ಕರಡಿಯಲ್ಲ, ಹೆದರಿದರೆ ಕರಡಿ. ಅವರ ಮನೆತನವೇ ಹಾಗೆ. ಎದೆ ಹೊಡೆದುಕೊಂಡರೆ ಮೊದಲು ಎಡಗೈ ಮಣಿಕಟ್ಟಿನ ಮೇಲೆ ಕರಿಗೂದಲು, ಆಮೇಲೆ ಉಗುರು, ಆಮೇಲೆ ಉಳಿದದ್ದೆಲ್ಲ. ಎರಡು ವರ್ಷದ ಹಿಂದೆ ಮುಂಡಗೋಡದ ಕಡೆ, ಪಾಳಾ ಎಂಬ ಊರಿನ ಗೋವಿನಜೋಳದ ಹೊಲದಲ್ಲಿ ಅವಳ ಅಣ್ಣ ಬಾಲುವನ್ನು ಬೇಟೆಗಾರರು ಹೊಡೆದು ಹಾಕಿದ್ದರು. ಕರಡಿ ಸತ್ತಿತೆಂದು ಊರು ಮಾತಾಡಿತು. ಬಾಲು ಗೋವಾಕ್ಕೆ ದುಡಿಯಲು ಹೋದನೆಂದು ಮನೆಯವರು ಹೇಳಿದರು. ಸುಮನ ವರ್ಗ ಕೇಳಿಕೊಂಡು ಹಳಿಯಾಳಕ್ಕೆ ಬಂದಳು.

ಬಂದವಳಿಗೆ ಡ್ರೈವರ್ ಈರೇಶ ಸಿಕ್ಕ. ಅವನು ಹಳಿಯಾಳದಲ್ಲಿ ಹಾರ್ನ್ ಹೊಡೆದರೆ ಗೋವಾದ ಸಮುದ್ರದಲ್ಲಿ ಮೀನು ಬೆಚ್ಚುತ್ತಿದ್ದವು. ಅವಳೊಡನೆ ಮಾತಾಡುವಾಗ ಮಾತ್ರ ಅವನ ದನಿ ಅವನಿಗೇ ಕೇಳಿಸುತ್ತಿರಲಿಲ್ಲ. ಮದುವೆಯಾಗೋಣವೆಂದು ಅವನು ಕೇಳಿ ಎಂಟು ತಿಂಗಳಾಗಿತ್ತು. 'ನೋಡೂಣು' ಎನ್ನುತ್ತ ಬಂದಿದ್ದಳು. ಕರಡಿಯ ವಿಷಯ ಹೇಳದೆ ಒಪ್ಪುವುದು ಹೇಗೆ? ಹೇಳಿದರೆ ಅವನು ಉಳಿಯುವುದು ಹೇಗೆ?

ಆ ದಿನ ಕೆಂಡವೇ ಕಂಬಳಿ ಕೇಳುವಂಥ ಚಳಿ. ಈರೇಶ ತನ್ನ ಸ್ವೆಟರ್ ಬಿಚ್ಚಿ ಅವಳಿಗೆ ಕೊಟ್ಟಿದ್ದ. ಬಸ್ಸು ತುಂಬಿ ಸೆಕೆಯಾದ ಮೇಲೆ, ಕೆಸರೊಳ್ಳಿಯ ಹತ್ತಿರ ಅವಳು ಅದನ್ನು ಮರಳಿಸಿದಳು. ಅವನು ಮತ್ತೆ ತೊಟ್ಟುಕೊಂಡ.

ದಾಂಡೇಲಿಯಲ್ಲಿ ಇಬ್ಬರು ಗಂಡಸರು ಹತ್ತಿದರು. ಹಣೆ ತುಂಬ ವಿಭೂತಿ, ಹೆಗಲಿಗೆ ಉದ್ದನೆಯ ಚೀಲ, ಜೊತೆಗೆ ಕರುವಿನಷ್ಟು ಎತ್ತರದ ನಾಯಿ.

"ಎರಡು ಉಳವಿ," ಎಂದ ಇಬ್ಬರಲ್ಲಿ ಹಿರಿಯ.

"ನಾಯಿಗೆ?"

"ನಾಯಿಗೆ ಎಂಥಾ ಟಿಕೀಟ್ರೀ? ಅದೇನು ಸೀಟ್ ಕೇಳತೈತೇನು?"

"ಕೋಳಿಗೂ ತಗೋತೇವ್ರಿ. ನಾಯಿಗ್ಯಾಕ ಬಿಡೂಣು?"

"ಹೆಣ್ಣ ನಾಯಿ ಐತಿ ನೋಡವ್ವಾ, ಫ್ರೀ ಅಲ್ಲೇನು?" ಎಂದಳು ಹಾಲಿನ ಕ್ಯಾನಿನ ಮೇಲೆ ಕುಳಿತಿದ್ದ ಗೌಳಿ ನಾನಿಬಾಯಿ.

"ಹಂಗಾರ ಆಧಾರ್ ಕಾರ್ಡ್ ತೋರಸ್ಲಿ," ಎಂದಳು ಸುಮನ. ಬಸ್ಸು ನಕ್ಕ ರಭಸಕ್ಕೆ ಕಿಟಕಿಯ ಗಾಜು ಅದುರಿದವು.

ಆ ನಗೆಯ ನಡುವೆಯೇ ಕಿರಿಯವನು ಪ್ಲಾಸ್ಟಿಕ್ ಚೀಲದಿಂದ ಅಂಗೈಯಗಲದ ತೊಗಲೊಂದನ್ನು ತೆಗೆದು ನಾಯಿಯ ಮೂಗಿಗೆ ಹಿಡಿದ. ಕರಿಗೂದಲು, ನಡುವೆ ಎದೆಯ ಬಿಳಿ ಪಟ್ಟೆ, ಪಟ್ಟೆಯ ಮೇಲೊಂದು ಕರಿ ಮಚ್ಚೆ. ಬಾಲುವಿಗೆ ಹುಟ್ಟಿನಿಂದ ಇದ್ದ ಮಚ್ಚೆ.

ಸುಮನಳ ಎದೆ ಡೊಳ್ಳಾಯಿತು. ಮಣಿಕಟ್ಟಿನಲ್ಲಿ ಕೂದಲು ಚುಚ್ಚತೊಡಗಿತು. ಅಂಗಿಯ ತೋಳನ್ನು ಕೆಳಗೆಳೆದುಕೊಂಡು ಜನರ ನಡುವೆ ಹಿಂದಕ್ಕೆ ಸರಿದಳು. ಜೋಯಿಡಾ, ಕುಂಬಾರವಾಡಾ, ಉಳವಿ ಎಂದು ಸ್ಟಾಪುಗಳ ಹೆಸರು ಜಪಿಸಿದಳು. ಜಪಕ್ಕೆ ಕೂದಲು ಜಗ್ಗಲಿಲ್ಲ.

ನಾಯಿ ಮಾತ್ರ ಅವಳ ಕಡೆ ಬರಲಿಲ್ಲ. ಎಂಜಿನ್ನಿನ ಬಿಸಿಗೆ ಈರೇಶನ ಸ್ವೆಟರಿನಿಂದ ಅವಳ ವಾಸನೆ, ಬಾಲುವಿನ ತೊಗಲಿನದೇ ವಾಸನೆ, ಹಬೆಯಂತೆ ಏಳುತ್ತಿತ್ತು. ನಾಯಿ ಹಗ್ಗ ಜಗ್ಗಿಕೊಂಡು ಡ್ರೈವರನ ಸೀಟಿನ ಪಕ್ಕ ನಿಂತು ಗುರುಗುಟ್ಟಿತು.

ಅಪಾಯ ತನ್ನನ್ನು ಬಿಟ್ಟು ಅವನ ಕೊರಳಿಗೆ ಬಿದ್ದದ್ದು ಅವಳಿಗೆ ಹೊಳೆಯಿತು. ಜನರನ್ನು ಸೀಳಿಕೊಂಡು ಮುಂದೆ ಬಂದಳು.

"ಗಾಡಿ ನಿಲ್ಲಸು ತಮ್ಮಾ," ಹಿರಿಯ ಬೇಟೆಗಾರ ಈರೇಶನ ಕಿವಿಯಲ್ಲಿ ಹೇಳುತ್ತಿದ್ದ. "ನೀ ಎಂಥಾವ ಅಂತ ಗೊತ್ತಾತು. ಮಂದ್ಯಾಗ ಬ್ಯಾಡ."

ಈರೇಶ ಕನ್ನಡಿಯಲ್ಲಿ ನಾಯಿಯನ್ನು ನೋಡಿದ, ತೊಗಲನ್ನು ನೋಡಿದ. ಆಮೇಲೆ ಕಂಬಿ ಹಿಡಿದ ಸುಮನಳ ಕೈಯನ್ನು ನೋಡಿದ. ಅಂಗಿಯ ತೋಳು ಜಾರಿ ಕರಿಗೂದಲು ಕಾಣುತ್ತಿತ್ತು. ಎರಡು ತಿರುವು ದಾಟುವ ತನಕ ಅವನ ಕಣ್ಣು ರಸ್ತೆಗೆ ಬರಲಿಲ್ಲ. ಬಸ್ಸು ತಾನೇ ದಾರಿ ಹುಡುಕಿಕೊಂಡಿತು.

ಕಾಡಿನ ನಡುವೆ ಬಸ್ಸು ನಿಂತಿತು.

"ಹೌದ್ರೀ, ನಾನ ಕರಡಿ," ಎಂದ ಈರೇಶ, ತಗ್ಗಿದ ದನಿಯಲ್ಲಿ. "ಆ ಗಿಡದ ಮರೆಗೆ ಹೋಗೂಣು ನಡೀರಿ." ಪ್ರಯಾಣಿಕರ ಕಡೆ ತಿರುಗಿ, "ಎಂಜಿನ್ ಕಾದೈತ್ರಿ, ಐದ ಮಿನಿಟ್," ಎಂದು ಇಳಿದ.

ಸುಮನ ಹುಟ್ಟಿದಾಗಿನಿಂದ ಕಟ್ಟಿಹಾಕಿದ್ದ ಕರಡಿಯನ್ನು ಆಗ ತಾನಾಗಿಯೇ ಕರೆದಳು. ಬಾ, ಎಂದಳು. ಬರಲಿಲ್ಲ. ಬಂದಿದ್ದ ಕೂದಲೂ ಒಳಗೆ ಸರಿಯಿತು. ತನ್ನ ಜೀವದ ಹೆದರಿಕೆಗೆ ಏಳುವ ಕರಡಿಗೆ ಇನ್ನೊಬ್ಬರ ಜೀವದ ಹೆದರಿಕೆ ಎಂದರೇನೆಂದೇ ಗೊತ್ತಿರಲಿಲ್ಲ. ಕಿಟಕಿಯಾಚೆ, ಮರಗಳ ಸಂದಿಯಲ್ಲಿ, ಉದ್ದನೆಯ ಚೀಲದ ಜಿಪ್ಪು ತೆರೆಯುತ್ತಿತ್ತು. ಉಳಿದವಳು ಬರೀ ಕಂಡಕ್ಟರ್.

ಅವಳು ಸೀಟಿ ಊದಿದಳು.

"ಈ ಬಸ್ ಮುಂದ ಹೋಗಂಗಿಲ್ರೀ. ಆ ಇಬ್ಬರು ನಮ್ಮ ಡ್ರೈವರನ್ನ ಕರಕೊಂಡ ಹೋದ್ರು. ಚೀಲದಾಗ ಬಂದೂಕ ಐತಿ."

ಮಂದಿ ಕಿಟಕಿಗೆ ಮುಗಿಬಿದ್ದರು.

"ಅಂದ್ರ ನನ್ನ ಹಾಲು?" ಎಂದಳು ನಾನಿಬಾಯಿ. "ಒಡದ್ರ ಅವರಪ್ಪ ತುಂಬಿ ಕೊಡ್ತಾನೇನು? ಇಳೀರಿ ಎಲ್ಲಾರೂ."

ತಡವಾದ ಬಸ್ಸಿನ ಮಂದಿಗಿಂತ ಹುಲಿ ವಾಸಿ. ಐನೂರು ಜನ ಕಾಡಿಗೆ ನುಗ್ಗಿದರು. ಅಲ್ಲಿ ಈರೇಶ ಎರಡೂ ಕೈ ಮೇಲೆತ್ತಿ ಗುರ್ ಎನ್ನಲು ಹೋಗಿ ಕೆಮ್ಮುತ್ತ ನಿಂತಿದ್ದ. ಬಂದೂಕು ಅವನೆದೆಗೆ ಮೂರು ಮಾರು ದೂರದಲ್ಲಿತ್ತು. ರಿಸಾರ್ಟಿನಲ್ಲಿ ಬೋಟು ನಡೆಸುವ ವಿಲ್ಸನ್ ಮೊಬೈಲ್ ಎತ್ತಿ ಹಿಡಿದ.

"ಮಾರಿ ಸ್ವಲ್ಪ ಈ ಕಡೆ ಮಾಡ್ರಿ ಯಜಮಾನ್ರ. ಫಾರೆಸ್ಟಿನವರಿಗೆ ಕಳಸೂದೈತಿ."

ಬಂದೂಕು ಚೀಲ ಸೇರಿತು. ಇಬ್ಬರೂ ಬೆನ್ನು ತಿರುಗಿಸಿದರು. ನಾಯಿ ಮಾತ್ರ ಹೊರಡಲಿಲ್ಲ. ಗುಂಪಿನೊಳಗೆ ಮೂಸುತ್ತ ಬಂದು ಸುಮನಳ ಕಾಲ ಬಳಿ ಕುಳಿತುಬಿಟ್ಟಿತು. ಹಿರಿಯ ಬೇಟೆಗಾರ ತಿರುಗಿ ನೋಡಿದ. ನಾಯಿಯನ್ನು, ಆಮೇಲೆ ಅವಳನ್ನು. ಅವಳ ಎದೆಯ ಮೇಲಿನ ಬ್ಯಾಜಿನ ನಂಬರನ್ನು ತುಟಿಯಲ್ಲೇ ಓದಿಕೊಂಡು, ನಾಯಿಗೆ ಸಿಳ್ಳೆ ಹಾಕಿ ಕಾಡಿನೊಳಗೆ ಮರೆಯಾದ.

ಬಸ್ಸು ಹೊರಟಿತು. ಸುಮನ ಎಂಜಿನ್ನಿನ ಪಕ್ಕ ನಿಂತಳು.

"ಯಾವಾಗಿಂದ ಗೊತ್ತು?"

"ಈಗ. ಕನ್ನಡ್ಯಾಗ ನಿನ್ನ ಕೈ ಕಂಡಾಗ."

"ಮತ್ತ ಒಂದ ಉಸುರಿಗೆ 'ನಾನ' ಅಂದ್ಯಲ್ಲಾ?"

"ವಿಚಾರ ಮಾಡಾಕ ಟೈಮ್ ಎಲ್ಲೆ ಇತ್ತು? ಮುಂದ ತಿರುವಿತ್ತು."

ಅವಳಿಗೆ ನಗೆ ಬಂತು, ನಿಲ್ಲಲಿಲ್ಲ. "ಅಂವ ನನ್ನ ನಂಬರ್ ಓದಿಕೊಂಡ."

"ಕಂಡೆ."

"ನಾಳೆ ಬರ್ತಾರ."

"ಬರ್ತಾರ. ರಜಾ ಹಾಕ್ತೀಯೇನು?"

"ಇಲ್ಲ," ಎಂದಳು. ಟಿಕೆಟ್ ಚೀಲವನ್ನು ಹೆಗಲಿಗೇರಿಸಿಕೊಂಡು, "ಎಂಟು ತಿಂಗಳ ಹಿಂದ ನೀ ಕೇಳಿದ್ದಕ್ಕ ಹೂಂ," ಎಂದಳು.

ಈರೇಶ ಹಾರ್ನ್ ಹೊಡೆಯಲಿಲ್ಲ. ಜೋಯಿಡಾದ ತನಕ ಗೇರ್ ಬದಲಿಸುವುದನ್ನೂ ಮರೆತ.

ಜೋಯಿಡಾದಲ್ಲಿ ಹದಿನಾರು ಜನ ಹತ್ತಿದರು. ಸುಮನ ಮೊದಲು ಅವರ ಚೀಲಗಳ ಉದ್ದ ನೋಡಿದಳು, ಆಮೇಲೆ ಮುಖ, ಆಮೇಲೆ ಎಲ್ಲಿಗೆಂದು ಕೇಳಿದಳು.